ತೊರವೆಯ ನೀರು, ವಿಜಾಪುರದ ಬಾವಡಿ

ವಿಜಾಪುರಕ್ಕೆ ಹೋಗಿ ಬಂದವರನ್ನು ಏನು ನೋಡಿದಿರೆಂದು ಕೇಳಿದರೆ, ಗೋಳಗುಮ್ಮಟ ನೋಡಿದೆವು, ಅಲ್ಲಿ ಕೂಗಿದೆವು, ಕೂಗು ಏಳು ಸಲ ಮರಳಿ ಕೇಳಿಸಿತು ಎನ್ನುತ್ತಾರೆ. ನಾನೂ ಬಹುಕಾಲ ಹಾಗೆಯೇ ಹೇಳಿದವನು. ಪ್ರೌಢಶಾಲೆಯ ಕನ್ನಡ ಶಿಕ್ಷಕನೆಂದ ಮೇಲೆ ಮಕ್ಕಳ ಪ್ರವಾಸದ ಉಸ್ತುವಾರಿ ತಪ್ಪಿದ್ದಲ್ಲ. ಕುಡಚಿಯಿಂದ ಎಷ್ಟು ಸಲ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿರುವೆನೋ ಲೆಕ್ಕವಿಟ್ಟಿಲ್ಲ. ಒಮ್ಮೆ ಗುಮ್ಮಟದ ಮೇಲೇರಿ ಊರನ್ನು ನೋಡುತ್ತ ನಿಂತಿದ್ದಾಗ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು, “ಸರ, ಇಲ್ಲಿ ಹೊಳಿ ಎಲ್ಲೈತ್ರಿ?” ಎಂದಳು. ಇಲ್ಲವೆಂದೆ. “ಮತ್ತ ಇಷ್ಟ ದೊಡ್ಡ ಊರು ಏನ ಕುಡೀತಿತ್ರಿ?” ಎಂದಳು. ಬಾವಿಗಳಿದ್ದವು ಎಂದು ಹೇಳಿ ಸಾಲನ್ನು ಮುಂದೆ ನಡೆಸಿದೆ. ಕೃಷ್ಣೆಯ ದಂಡೆಯ ಮಗು ಕೇಳತಕ್ಕ ಪ್ರಶ್ನೆಯನ್ನೇ ಕೇಳಿತ್ತು. ಉತ್ತರ ಮಾತ್ರ ಗುರುವಿನಲ್ಲಿರಲಿಲ್ಲ. ಇದು ಹದಿನೆಂಟು ವರ್ಷದ ಹಿಂದಿನ ಮಾತು.

ಕಳೆದ ಚಳಿಗಾಲದಲ್ಲಿ ಒಂದು ಶನಿವಾರ, ಮಕ್ಕಳ ಜವಾಬುದಾರಿ ಇಲ್ಲದೆ, ಗೆಳೆಯರು ನಾಲ್ವರು ಹೊರಟೆವು: ನಮ್ಮ ಗಣಿತದ ಮಾಸ್ತರರು, ಚಿತ್ರಕಲೆಯ ಮಾಸ್ತರರು, ರೇಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು, ನಾನು. ಕೃಷ್ಣೆಯ ಸೇತುವೆ ದಾಟಿ ಅಥಣಿಯ ದಾರಿ ಹಿಡಿದೆವು. ಹೊಳೆಯ ಆಸುಪಾಸಿನಲ್ಲಿ ಕಣ್ಣು ಹಾಯುವವರೆಗೆ ಕಬ್ಬು. ಅಥಣಿ ದಾಟಿದ ಮೇಲೆ ಹಸುರು ತೆಳುವಾಗುತ್ತ, ಕಲ್ಲುನೆಲ ಮೇಲೆದ್ದು ಬರುತ್ತದೆ. ತಿಕೋಟಾದ ಸುತ್ತ ದ್ರಾಕ್ಷಿಯ ತೋಟಗಳು ಕಾಣುತ್ತವೆ, ನಿಜ. ಆದರೆ ಅವು ಮನುಷ್ಯ ಹಟ ಹಿಡಿದು ತಂದ ನೀರಿನವು, ಹೊಳೆ ತಾನಾಗಿ ಕೊಟ್ಟವಲ್ಲ.

ಈ ದಾರಿಯಿಂದ ಬರುವವರಿಗೆ ಒಂದು ಅನುಕೂಲವುಂಟು. ಪಟ್ಟಣ ಇನ್ನೂ ಐದಾರು ಕಿಲೋಮೀಟರು ಇರುವಾಗಲೇ ತೊರವೆ ಸಿಗುತ್ತದೆ. ಗಾಡಿ ನಿಲ್ಲಿಸಿರೆಂದೆ. ಗೆಳೆಯರಿಗೆ ನನ್ನ ಚಾಳಿ ಗೊತ್ತು. “ಪಂಡಿತರ ರಾಮಾಯಣ ಸುರು ಆತು” ಎಂದು ನಕ್ಕರು. ನಗಲಿ. ಕುಮಾರ ವಾಲ್ಮೀಕಿಯೆಂಬ ಹೆಸರಿಟ್ಟುಕೊಂಡ ನರಹರಿ ಕವಿ ಇಲ್ಲಿಯ ನರಸಿಂಹನ ಅಂಕಿತದಲ್ಲಿ ಭಾಮಿನೀ ಷಟ್ಪದಿಯ ರಾಮಾಯಣವನ್ನು ರಚಿಸಿದ. ಗಮಕಿಗಳು ಊರೂರಿಗೆ ಓದಿ ಹೇಳಿದ ಕಾವ್ಯವದು. ಕಾವ್ಯಕ್ಕೆ ಊರಿನ ಹೆಸರೇ ನಿಂತಿತು: ತೊರವೆ ರಾಮಾಯಣ. ಗುಮ್ಮಟ ನೋಡಲು ಬರುವ ನಮ್ಮ ಶಾಲೆಯ ಗಾಡಿಗಳು ಈ ಊರನ್ನು ಹಾರನ್ನು ಬಾರಿಸಿ ದಾಟಿಬಿಡುತ್ತವಲ್ಲ ಎಂಬುದು ನನ್ನ ಹಳೆಯ ದುಃಖ.

ಆದರೆ ಆ ದಿನ ನಾನು ನಿಲ್ಲಿಸಿದ್ದು ಕಾವ್ಯಕ್ಕಾಗಿ ಮಾತ್ರವಲ್ಲ. ಆದಿಲಶಾಹಿಗಳ ಪಟ್ಟಣಕ್ಕೆ ನೀರು ಹೊರಟದ್ದೂ ಈ ತೊರವೆಯ ಕಡೆಯಿಂದಲೇ. ಇಲ್ಲಿ ಸುರಂಗ ಬಾವಡಿ ಎಂಬುದೊಂದಿದೆ. ಎತ್ತರದ ನೆಲದಲ್ಲಿ ಒರತೆಯನ್ನು ಹಿಡಿದು, ನೆಲದ ಒಳಗೊಳಗೇ ಕಲ್ಲು ಕಡಿದು ಸುರಂಗ ತೋಡಿ, ಅದಕ್ಕೆ ಅಷ್ಟಿಷ್ಟು ಇಳಿಜಾರು ಕೊಟ್ಟು, ಪಟ್ಟಣದವರೆಗೆ ಒಯ್ದಿದ್ದಾರೆ. ಎತ್ತಿಲ್ಲ, ರಾಟೆಯಿಲ್ಲ, ನೀರು ತನ್ನ ಭಾರದಿಂದಲೇ ಹರಿಯಬೇಕು. ನಡುನಡುವೆ ಬಾವಿಯಂತೆ ಮೇಲಕ್ಕೆ ತೆರೆದ ಕಂಡಿಗಳಿವೆ. ಅಗೆಯುವಾಗ ಮಣ್ಣು ತೆಗೆಯಲು, ಒಳಗಿದ್ದವರಿಗೆ ಗಾಳಿ ಬರಲು, ಮುಂದೆ ಹೂಳು ಎತ್ತಲು, ದಾರಿಯ ಹೊಲದವರು ನೀರು ಸೇದಲು ಇವೇ ಬೇಕು. ಇರಾನದಿಂದ ಬಂದ ವಿದ್ಯೆ ಇದು, ಕರೇಜ್ ಎನ್ನುತ್ತಾರೆ. ಬೀದರದ ನೌಬಾದಿನಲ್ಲಿ ಬಹಮನಿಗಳ ಕಾಲದ್ದೊಂದು ಇದೆ. ನೆಲದೊಳಗಿನ ನೀರು ನಮ್ಮ ಬಯಲುಸೀಮೆಯ ಬಿಸಿಲಿಗೆ ಆರುವುದಿಲ್ಲ, ಮುತ್ತಿಗೆ ಹಾಕಿದವನ ಕಣ್ಣಿಗೆ ಬೇಗ ಬೀಳುವುದಿಲ್ಲ.

ಗಣಿತದ ಮಾಸ್ತರರು ಒಂದು ಕಂಡಿಯ ಬಾಯಿಯಲ್ಲಿ ಬಗ್ಗಿ ಬಹಳ ಹೊತ್ತು ನಿಂತರು. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ನೆಲವನ್ನು ಕೊರೆಯುತ್ತದೆ, ಕಡಿಮೆಯಾದರೆ ನಿಂತು ಹೂಳು ತುಂಬುತ್ತದೆ. ಕತ್ತಲಲ್ಲಿ, ಎಣ್ಣೆಯ ದೀಪ ಹಿಡಿದು, ಮೈಲುಗಟ್ಟಲೆ ಆ ಅಳತೆ ತಪ್ಪದಂತೆ ಕಡಿಯುವುದೆಂದರೆ ಏನು ಎಂದು ಅವರೇ ನಮಗೆ ವಿವರಿಸಿದರು. ಅಲ್ಲಿಂದ ಮುಂದೆ ಯಾರೂ ನಗಲಿಲ್ಲ.

ತೊರವೆಯ ಬಳಿಯಲ್ಲೇ ಎರಡನೆಯ ಇಬ್ರಾಹಿಮ ಆದಿಲಶಹನು 1599ರಲ್ಲಿ ನವರಸಪುರವೆಂಬ ಹೊಸ ಪಟ್ಟಣಕ್ಕೆ ಕೈ ಹಾಕಿದ. ಸಂಗೀತದ ಹುಚ್ಚಿನ ದೊರೆ. ತನ್ನ ಹಾಡುಗಳ ಪುಸ್ತಕದಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದವನು. ಜನ ಜಗದ್ಗುರುವೆಂದು ಕರೆದರು. 1624ರಲ್ಲಿ ಮಲಿಕ ಅಂಬರನ ಸೈನ್ಯ ಆ ಪಟ್ಟಣವನ್ನು ಹಾಳುಗೆಡವಿತು. ಸಂಗೀತ ಮಹಲಿನ ಕಮಾನುಗಳು ಉಳಿದಿವೆ. ಚಿತ್ರಕಲೆಯ ಮಾಸ್ತರರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಮುಂದೆ ಪಡುವಣದ ಮಕ್ಕಾ ಬಾಗಿಲಿನ ಬಳಿ, ಕೋಟೆಯ ಒಳಗೆ, ತಾಜ ಬಾವಡಿ. ಇದು 1620ರ ಕಟ್ಟಡ. ಇಬ್ರಾಹಿಮನ ರಾಣಿ ತಾಜ ಸುಲ್ತಾನಳ ಹೆಸರಿನದು. ಕಟ್ಟಿದವನು ಇಬ್ರಾಹಿಮ ರೋಜಾವನ್ನು ಕಟ್ಟಿದ ಮಲಿಕ ಸಂದಲನೇ ಎನ್ನುತ್ತಾರೆ. ದೊಡ್ಡದೊಂದು ಕಮಾನು, ಎರಡು ಪಕ್ಕಕ್ಕೆ ಎಂಟು ಮೂಲೆಯ ಬುರುಜು, ಕಮಾನಿನೊಳಗಿಂದ ಮೆಟ್ಟಿಲಿಳಿದರೆ ಒಂದೊಂದು ಬದಿ ಸುಮಾರು 220 ಅಡಿಯ ಚೌಕ, 50 ಅಡಿ ಆಳ. ಸುತ್ತಲೂ ದಾರಿಹೋಕರು ತಂಗಲು ಕೋಣೆಗಳು. ಬಾವಿಯೆಂಬ ಮಾತಿನಿಂದ ನಮ್ಮ ಮನಸ್ಸಿಗೆ ಬರುವ ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಬಹುಕಾಲ ಕಸ ಮತ್ತು ಹೂಳಿನಲ್ಲಿ ಮುಚ್ಚಿದ್ದ ಇದನ್ನು 2017ರ ಸುಮಾರಿಗೆ ಎತ್ತಿ ಸ್ವಚ್ಛಗೊಳಿಸಿದರು. ಹಿಂದೆ ಮಕ್ಕಳೊಡನೆ ಬಂದಾಗ ವಾಸನೆಗೆ ಹೆದರಿ ನಾನು ಒಳಗೆ ಕಾಲಿಟ್ಟಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ನೀರಿನ ಇನ್ನೊಂದು ದಾರಿ ತೆಂಕಣದ ಬೇಗಮ ತಲಾಬಿನಿಂದ. ಮಹಮ್ಮದ ಆದಿಲಶಹನು 1651ರಲ್ಲಿ ಕಟ್ಟಿಸಿದ ಕೆರೆ. ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಗಚ್ಚು ಹಾಕಿ, ನೆಲದಲ್ಲಿ ಹುಗಿದು ಪಟ್ಟಣಕ್ಕೆ ನೀರು ತಂದರು. ಊರಲ್ಲಿ ತಿರುಗುವಾಗ ಚೌಕಾದ ಕಲ್ಲುಗೋಪುರಗಳು ಅಲ್ಲಲ್ಲಿ ಒಂಟಿಯಾಗಿ ನಿಂತಿರುತ್ತವೆ. ಏನೋ ಹಾಳು ಗೋಡೆಯೆಂದು ಮುಂದೆ ಹೋಗುತ್ತೇವೆ. ಅವಕ್ಕೆ ಗಂಜ್ ಎಂದು ಹೆಸರು. ಕೊಳವೆಯ ನೀರು ಗೋಪುರದೊಳಗೆ ಮೇಲಕ್ಕೇರಿ ತನ್ನ ಒತ್ತಡವನ್ನು ಅಲ್ಲಿ ಕಳೆದುಕೊಳ್ಳುತ್ತಿತ್ತು. ಇಲ್ಲವಾದರೆ ಮಣ್ಣಿನ ಕೊಳವೆ ಒಡೆಯುವುದು. ಕೆಸರು ಗೋಪುರದ ಬುಡದಲ್ಲಿ ನಿಂತು ತಿಳಿನೀರು ಮುಂದೆ ಹೋಗುತ್ತಿತ್ತು. ರೇಲ್ವೆಯ ಹಿರಿಯರಿಗೆ ಇದು ತಟ್ಟನೆ ತಿಳಿಯಿತು. ಉಗಿಯ ಎಂಜಿನ್ನುಗಳ ಕಾಲದ ನೀರಿನ ಟಾಕಿಗಳನ್ನು ನೋಡಿದ ಕಣ್ಣು ಅವರದು.

ಮಲಿಕ ಮೈದಾನ ತೋಪು, ಉಪ್ಪಲಿ ಬುರುಜು, ಬಾರಾ ಕಮಾನು ಇವನ್ನೂ ನೋಡಿದೆವು. ಅವುಗಳ ವರ್ಣನೆ ಎಲ್ಲ ಪುಸ್ತಕಗಳಲ್ಲಿದೆ. 55 ಟನ್ನಿನ ಆ ತೋಪನ್ನು 1854ರಲ್ಲಿ 150 ರೂಪಾಯಿಗೆ ಹರಾಜು ಮಾಡಿ ಅನಂತರ ಹರಾಜನ್ನು ರದ್ದು ಮಾಡಿದರಂತೆ, ಇದೊಂದನ್ನು ಹೇಳಿ ಮುಂದೆ ಸಾಗುತ್ತೇನೆ.

ಗೋಳಗುಮ್ಮಟವನ್ನು ರವಿವಾರದ ಬೆಳಗಿಗೆ ಇಟ್ಟುಕೊಂಡಿದ್ದೆವು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಗೋರಿ ಇದು. ಹೊರಗಿನಿಂದ 44 ಮೀಟರು ಅಗಲದ ಗುಮ್ಮಟ, ಒಳಗೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಕೆಳಗಿನ ಚೌಕವನ್ನು ಮೇಲೆ ದುಂಡಾಗಿಸಿ ಭಾರ ಹೊರುತ್ತವೆ. ಮೊದಲ ಗುಂಪಿನೊಡನೆ ಮೇಲೇರಿದ್ದರಿಂದ ಸದ್ದಿರಲಿಲ್ಲ. ಗೋಡೆಗೆ ಬಾಯಿ ಹಚ್ಚಿ ಆಡಿದ ಪಿಸುಮಾತು ಬಾಗಿದ ಗೋಡೆಯನ್ನು ತಬ್ಬಿಕೊಂಡೇ ಓಡಿ ಎದುರುಬದಿಯವರ ಕಿವಿಗೆ ಬೀಳುತ್ತದೆ. ಕೂಗಿದರೆ ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಗದ್ದಲವಷ್ಟೇ ಉಳಿಯುತ್ತದೆ. ಎದುರಿಗಿದ್ದ ಗಣಿತದ ಮಾಸ್ತರರು ಪಿಸುಗುಟ್ಟಿದ್ದು ಸ್ಪಷ್ಟವಾಗಿ ಕೇಳಿಸಿತು: “ಪಂಡಿತರ, ಹೊಟ್ಟಿ ಹಸಿದೈತ್ರಿ.”

ಊಟದ ಹೊತ್ತಿಗೆ ಖಾನಾವಳಿಯವನು ನೀರು ತಂದಿಟ್ಟ. ಇದು ಯಾವ ನೀರಪ್ಪಾ ಎಂದು ಕೇಳಿದೆ. “ಕೊಲ್ಹಾರದ್ದು, ಹೊಳಿ ನೀರ್ರಿ” ಎಂದ. ಕೊಲ್ಹಾರವೆಂದರೆ ಕೃಷ್ಣೆ. ನಮ್ಮ ಕುಡಚಿಯ ಸೇತುವೆಯ ಕೆಳಗೆ ಹರಿದ ನೀರನ್ನೇ ನಾವು ನೂರು ಕಿಲೋಮೀಟರು ಬಂದು ಲೋಟದಲ್ಲಿ ಕುಡಿಯುತ್ತಿದ್ದೆವು. ತೊರವೆಯ ಸುರಂಗ ಮಾಡುತ್ತಿದ್ದ ಕೆಲಸವನ್ನು ಈಗ ಪಂಪು ಮಾಡುತ್ತದೆ.

ಸಂಜೆ ಮರಳುವಾಗ ಸೇತುವೆಯ ಮೇಲೆ ಗಾಡಿ ನಿಲ್ಲಿಸಿದೆವು. ಗಣಿತದ ಮಾಸ್ತರರು ಕಟ್ಟೆಗೆ ಒರಗಿ, “ಈ ನೀರು ಅಲ್ಲಿ ಮುಟ್ಟಾಕ ಎಷ್ಟ ದಿನ ಬೇಕಾದೀತ್ರಿ?” ಎಂದರು. ಹಿಪ್ಪರಗಿಯಲ್ಲೊಮ್ಮೆ, ಆಲಮಟ್ಟಿಯ ಹಿನ್ನೀರಿನಲ್ಲೊಮ್ಮೆ ತಡೆದು ನಿಲ್ಲಬೇಕಲ್ಲ, ಲೆಕ್ಕ ನಿಮ್ಮದು ಎಂದೆ. ಅವರದನ್ನು ಒಂಬತ್ತನೆಯ ಇಯತ್ತೆಗೆ ಲೆಕ್ಕವಾಗಿ ಕೊಟ್ಟಿದ್ದಾರೆ. ಮುಂದಿನ ಪ್ರವಾಸದ ಗಾಡಿ ತೊರವೆಯಲ್ಲಿ ನಿಲ್ಲುತ್ತದೆ.