ವಿಷನ್ ಬೋರ್ಡ್ ಹಾಕಿದರೆ ಕನಸು ಕೈಗೂಡುತ್ತದೆಯೇ?

ಪ್ರಶ್ನೆ: ಕನಸುಗಳ ಚಿತ್ರ ಅಂಟಿಸಿದ ವಿಷನ್ ಬೋರ್ಡನ್ನು ದಿನಾ ನೋಡುತ್ತಿದ್ದರೆ ನಿಜವಾಗಿ ಉಪಯೋಗವಿದೆಯೇ?

ಉತ್ತರ: ಅದರಲ್ಲಿ ಯಾವ ಚಿತ್ರವಿದೆ ಎಂಬುದೇ ಮುಖ್ಯ. 1999ರಲ್ಲಿ ಮನೋವಿಜ್ಞಾನ ಸಂಶೋಧಕರಾದ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಪರೀಕ್ಷೆ ಹತ್ತಿರವಿದ್ದಾಗ ಕೆಲವು ವಿದ್ಯಾರ್ಥಿಗಳು ದಿನವೂ ಒಳ್ಳೆಯ ಅಂಕ ಬಂದಂತೆ ಕಲ್ಪಿಸಿಕೊಂಡರು, ಇನ್ನು ಕೆಲವರು ತಾವು ಕೂತು ಓದುತ್ತಿರುವಂತೆ. ಹೆಚ್ಚು ಅಂಕ ತೆಗೆದವರು ಎರಡನೆಯವರು. ಗೆಲುವಿನ ಸುಖವನ್ನಷ್ಟೇ ಕಲ್ಪಿಸಿಕೊಂಡರೆ ಉತ್ಸಾಹ ಕುಗ್ಗುತ್ತದೆಂದು ಮನೋವಿಜ್ಞಾನಿ ಗೇಬ್ರಿಯೆಲೆ ಓಟಿಂಗೆನ್ ಅವರ ಪ್ರಯೋಗಗಳೂ ತೋರಿಸಿವೆ.

ಹಾಗಂತ ಬೋರ್ಡ್ ಕಿತ್ತುಹಾಕಬೇಡಿ. ಆಸೆಯನ್ನು ಕಣ್ಣೆದುರು ಇಟ್ಟುಕೊಳ್ಳುವುದು ನನಗೂ ಇಷ್ಟ. ವೀಣೆ ಕಲಿಯುವ ಕನಸಿದ್ದರೆ, ಸಂಗೀತ ಕಛೇರಿಯ ಚಿತ್ರದ ಪಕ್ಕ ‘ಬೆಳಗಿನ ಕಾಫಿ ಕುಡಿದು ಲೋಟ ತೊಳೆದಿಟ್ಟ ಕೂಡಲೇ ಅರ್ಧ ಗಂಟೆ ಸರಳೆವರಸೆ ಅಭ್ಯಾಸ’ ಎಂದು ಬರೆದು, ಬೋರ್ಡನ್ನು ಅಡುಗೆಮನೆಯಲ್ಲೇ ತೂಗುಹಾಕಿ.