ಕೆಟಮಿನ್ ನಂಜನ್ನೂ ತಣಿಸೀತೇ?

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಒಬ್ಬರ ಕಾಲಿಗೆ ತಗಡು ತಾಗಿ, ಗಾಯ ಕೀವುಗಟ್ಟಿ, ನಂಜು ಮೈಗೇರಿತೆನ್ನಿ; ವೈದ್ಯರು ಇದನ್ನು ಸೆಪ್ಸಿಸ್ ಎನ್ನುತ್ತಾರೆ. ಜ್ವರ, ಏದುಸಿರು, ಮಂಕು. ಸಲೈನ್ ಏರಿಸಿದರೂ ರಕ್ತದೊತ್ತಡ ಕುಸಿಯುತ್ತಲೇ ಇದ್ದರೆ ಅದು ಸೆಪ್ಟಿಕ್ ಶಾಕ್. ದೊಡ್ಡಾಸ್ಪತ್ರೆಗೆ ಸೇರಿಸಿ ಕೀವು ತೆಗೆಸಬೇಕು. ಆದರೆ ಬಹಳಷ್ಟು ಅರಿವಳಿಕೆ ಮದ್ದುಗಳು ಒತ್ತಡವನ್ನು ಇನ್ನೂ ಇಳಿಸುತ್ತವೆ. ಇಂಥ ಹೊತ್ತಿಗೆ ಒದಗುವ ಮದ್ದುಗಳಲ್ಲಿ ಕೆಟಮಿನ್ ಒಂದು. 1962ರಲ್ಲಿ ಅಮೆರಿಕದಲ್ಲಿ ತಯಾರಾದ ಇದು ನೋವು ಮರೆಸುತ್ತಲೇ, ಸಾಮಾನ್ಯವಾಗಿ, ಹೃದಯದ ಬಡಿತವನ್ನೂ ಒತ್ತಡವನ್ನೂ ಎತ್ತಿಹಿಡಿಯುತ್ತದೆ.

ಅದು ರೋಗವನ್ನೇ ತಣಿಸೀತೇ? ಸೆಪ್ಸಿಸ್‌ನಲ್ಲಿ ಕೊಲ್ಲುವುದು ಬ್ಯಾಕ್ಟೀರಿಯಾ ಮಾತ್ರವಲ್ಲ, ಹತೋಟಿ ತಪ್ಪಿದ ನಮ್ಮದೇ ಉರಿಯೂತ. ಜಪಾನಿನ ಕನಜಾವಾದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳ ರಕ್ತಕ್ಕೆ ಬ್ಯಾಕ್ಟೀರಿಯಾದ ಹೊರಪೊರೆಯ ವಿಷವಾದ ಎಂಡೋಟಾಕ್ಸಿನ್ ಚುಚ್ಚಿದರು. ಕೆಟಮಿನ್ ಪಡೆದ ಇಲಿಗಳಲ್ಲಿ ಒತ್ತಡ ಅಷ್ಟು ಕುಸಿಯಲಿಲ್ಲ. ಉರಿಯೂತ ಹಬ್ಬಿಸುವ ಟಿಎನ್‌ಎಫ್, ಐಎಲ್-6 ಪ್ರೋಟೀನುಗಳೂ ಕಡಿಮೆ ಏರಿದವು. ಆಸೆ ಹುಟ್ಟಿಸುವ ಫಲಿತಾಂಶವೇ ಸರಿ.

ಆದರೂ ಇದನ್ನು ಚಿಕಿತ್ಸೆ ಎನ್ನಲು ನನಗೆ ಮನಸ್ಸಿಲ್ಲ. ಆ ಇಲಿಗಳಲ್ಲಿದ್ದದ್ದು ವಿಷ, ಬೆಳೆಯುವ ಸೋಂಕಲ್ಲ. ನಮ್ಮ ರೋಗಿಗೆ ಸಕ್ಕರೆ ಕಾಯಿಲೆ ಇರಬಹುದು, ವಯಸ್ಸಾಗಿರಬಹುದು, ಗಾಯವಾಗಿ ವಾರ ಕಳೆದಿರಬಹುದು. 1990ರ ದಶಕದಲ್ಲಿ ಟಿಎನ್‌ಎಫ್ ತಡೆಯುವ ಔಷಧಗಳು ಪ್ರಾಣಿಗಳನ್ನು ಉಳಿಸಿದವು; ಸಾವಿರಾರು ರೋಗಿಗಳ ಮೇಲೆ ಪರೀಕ್ಷಿಸಿದಾಗ ಆ ಭರವಸೆ ಕೈಗೂಡಲಿಲ್ಲ. ಅರಿವಳಿಕೆ ಮದ್ದು ರೋಗಿಗೆ ಮುಳುವಾಗುವುದೂ ಉಂಟು. ತೀವ್ರ ನಿಗಾ ಘಟಕದಲ್ಲಿ ಎಟೊಮಿಡೇಟ್ ಸತತವಾಗಿ ಹರಿಸಿದವರಲ್ಲಿ ಸಾವು ಹೆಚ್ಚಿದ್ದನ್ನು 1983ರಲ್ಲಿ ಗ್ಲಾಸ್ಗೋದ ವೈದ್ಯರು ಗುರುತಿಸಿದರು. ಸಂಕಟದಲ್ಲಿ ದೇಹಕ್ಕೆ ಬೇಕಾದ ಕಾರ್ಟಿಸಾಲ್ ತಯಾರಿಕೆಯನ್ನೇ ಅದು ತಡೆಯುತ್ತಿತ್ತು.

ಹಾಗಾದರೆ ಕೆಟಮಿನ್ನನ್ನು ಹೇಗೆ ಪರೀಕ್ಷಿಸಬೇಕು? ಇಲಿಯ ಕುರುಡುಗರುಳನ್ನು ಕಟ್ಟಿ, ಸೂಜಿಯಿಂದ ತೂತು ಮಾಡಿ, ಕರುಳಿನ ಬ್ಯಾಕ್ಟೀರಿಯಾ ಹೊಟ್ಟೆಯೊಳಗೆ ಸೋರುವಂತೆ ಮಾಡುವ ವಿಧಾನ ಮನುಷ್ಯರ ಕಾಯಿಲೆಗೆ ಹೆಚ್ಚು ಹತ್ತಿರ. ಇಂಥ ಪ್ರಯೋಗಗಳಲ್ಲಿ ಇಲಿಗೂ ಆಂಟಿಬಯಾಟಿಕ್, ಸಲೈನ್ ಕೊಡಬೇಕೆಂದು 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಶಿಫಾರಸುಗಳು ಹೇಳುತ್ತವೆ. ಮದ್ದನ್ನು ಸೋಂಕಿಗೆ ಮುಂಚೆಯಲ್ಲ, ಕಾಯಿಲೆ ಕಾಣಿಸಿಕೊಂಡ ಮೇಲೆ ಕೊಟ್ಟು ನೋಡಬೇಕು. ಇಲ್ಲೊಂದು ತೊಡಕೂ ಇದೆ. ಆ ಶಸ್ತ್ರಕ್ರಿಯೆಗೆ ಇಲಿಯನ್ನು ಮಲಗಿಸಬೇಕಲ್ಲ? ಅದಕ್ಕೆ ಅನೇಕ ಪ್ರಯೋಗಾಲಯಗಳು ಬಳಸುವುದು ಕೆಟಮಿನ್ ಮತ್ತು ಜೈಲಜಿನ್ ಬೆರಕೆಯನ್ನೇ. ಹಾಗೆ ಮಾಡಿದರೆ, ಮದ್ದು ಕೊಡದ ಗುಂಪೆಂದು ಬರೆದಿಟ್ಟ ಇಲಿಗಳ ಮೈಯಲ್ಲೂ ಕೆಟಮಿನ್ ಇರುತ್ತದೆ.