ಗೇರುಸೊಪ್ಪೆಯ ಚೆನ್ನಭೈರಾದೇವಿ: ಮೆಣಸಿನ ವ್ಯಾಪಾರವೂ ರಾಜ್ಯನೀತಿಯೂ

ಶರಾವತಿಯ ದಡದ ಗೇರುಸೊಪ್ಪೆಯಲ್ಲಿ ಇಂದು ಕಾಡಿನ ನಡುವೆ ಚತುರ್ಮುಖ ಬಸದಿಯೂ ಕೆಲವು ಹಾಳು ಗುಡಿಗಳೂ ಉಳಿದಿವೆ. 16ನೆಯ ಶತಮಾನದಲ್ಲಿ ಇದೇ ನಗಿರೆ ರಾಜ್ಯದ ರಾಜಧಾನಿಯಾಗಿತ್ತು. ಸಾಳುವ ಮನೆತನದ ಜೈನ ರಾಣಿ ಚೆನ್ನಭೈರಾದೇವಿಯು ಇಲ್ಲಿ 1552ರಿಂದ 1606ರವರೆಗೆ ಆಳಿದಳೆಂದು ಸಾಮಾನ್ಯವಾಗಿ ಗಣಿಸಲಾಗಿದೆ. ಪೋರ್ತುಗೀಜರು ಗೇರುಸೊಪ್ಪೆಯ ರಾಣಿಯನ್ನು ‘ರೈನಾ ದ ಪಿಮೆಂತಾ’, ಅಂದರೆ ಮೆಣಸಿನ ರಾಣಿ, ಎಂದು ಕರೆದರು. ಕೊಳ್ಳಲು ಬಂದವರು ಇಟ್ಟ ಹೆಸರಿದು. ಅದರ ಹಿಂದೆ ಇದ್ದ ಆಡಳಿತವೆಂಥದು ಎಂಬುದನ್ನು ಇಲ್ಲಿ ಪರಿಶೀಲಿಸುವೆವು.

ಮೊದಲು ಭೂಗೋಲವನ್ನು ನೋಡಬೇಕು. ಕಾಳುಮೆಣಸಿನ ಬಳ್ಳಿ ಬೆಳೆಯುವದು ಘಟ್ಟದ ಮರಗಳನ್ನೂ ತೋಟದ ಅಡಕೆಗಳನ್ನೂ ಆಶ್ರಯಿಸಿ. ಅದನ್ನು ಕೊಳ್ಳುವವರು ಬರುತ್ತಿದ್ದುದು ಕಡಲಿನಿಂದ. ಹೊನ್ನಾವರದಿಂದ ಹೊಳೆಯಲ್ಲಿ ದೋಣಿಗಳು ಗೇರುಸೊಪ್ಪೆಯವರೆಗೆ ಬರಬಲ್ಲವು. ಅಲ್ಲಿಂದ ಮೇಲಕ್ಕೆ ಘಟ್ಟದ ದಾರಿ. ಈ ಕೂಡುಸ್ಥಾನವನ್ನು ಹಿಡಿದವರ ಕೈಯಲ್ಲಿ ಮೆಣಸಿನ ಹೆಬ್ಬಾಗಿಲೇ ಇದ್ದಂತಾಯಿತು.

ಆದರೆ ಬಾಗಿಲನ್ನು ಕಾಯುವದು ಸುಲಭವಾಗಿರಲಿಲ್ಲ. ಪೋರ್ತುಗೀಜರು ತಮಗೆ ಬೇಕಾದ ಬೆಲೆಗೆ ಮೆಣಸನ್ನು ಕೊಳ್ಳಬಯಸಿದರು. ತಮ್ಮ ರಹದಾರಿಯಿಲ್ಲದೆ ಹಡಗುಗಳು ಸಂಚರಿಸಬಾರದೆಂದರು. 1542ರಲ್ಲಿಯೇ ಅವರು ಭಟ್ಕಳವನ್ನು ಸುಟ್ಟಿದ್ದರು. ಆಗಲೂ ಅಲ್ಲಿ ಆಳುತ್ತಿದ್ದವಳು ಒಬ್ಬ ರಾಣಿಯೇ. 1565ರ ಯುದ್ಧದಲ್ಲಿ ವಿಜಯನಗರವು ಸೋತ ಮೇಲೆ ಕರಾವಳಿಯ ಅರಸರಿಗೆ ದೊಡ್ಡ ಆಸರೆ ಇಲ್ಲವಾಯಿತು. 1569ರಲ್ಲಿ ವೈಸರಾಯ ಲೂಯಿಸ್ ದ ಅತಾಯ್ದನು ಹೊನ್ನಾವರವನ್ನೂ ಬಸರೂರನ್ನೂ ಹಿಡಿದನು. ಮರುವರ್ಷ ಬಿಜಾಪುರ, ಅಹಮದನಗರಗಳ ಸುಲ್ತಾನರೂ ಕಲ್ಲಿಕೋಟೆಯ ಸಾಮೂದಿರಿಯೂ ಪೋರ್ತುಗೀಜರ ವಿರುದ್ಧ ಒಂದಾದಾಗ, ಗೇರುಸೊಪ್ಪೆಯ ಸೈನ್ಯವು ಹೊನ್ನಾವರದ ಕೋಟೆಗೆ ಮುತ್ತಿಗೆ ಹಾಕಿತು. ಕೋಟೆ ದಕ್ಕಲಿಲ್ಲ. ಹಾಗಿದ್ದರೂ ವ್ಯಾಪಾರವು ಮುರಿದುಬೀಳಲಿಲ್ಲ. ಶತಮಾನದ ಕೊನೆಯ ಹೊತ್ತಿಗೆ ಪೋರ್ತುಗೀಜರು ಕೊಳ್ಳುವ ಮೆಣಸಿನಲ್ಲಿ ಕನ್ನಡ ಕರಾವಳಿಯ ಪಾಲು ಹಿರಿದಾಗುತ್ತ ನಡೆದಿತ್ತು. ವೈರಿಯೊಡನೆ ಕಾದುವದು, ಅದೇ ವೈರಿಗೆ ಮಾರುವದು, ಇವೆರಡನ್ನೂ ಅರ್ಧ ಶತಮಾನ ತೂಗಿಸಿಕೊಂಡು ಹೋದುದೇ ಈಕೆಯ ರಾಜ್ಯನೀತಿಯೆಂದು ನಾವು ಭಾವಿಸುತ್ತೇವೆ.

ಕರಾವಳಿಯ ಜೈನ ಅರಸುಮನೆತನಗಳಲ್ಲಿ ರೂಢವಾಗಿದ್ದ ಅಳಿಯಸಂತಾನವು ಹೆಣ್ಣಿನ ಅಧಿಕಾರಕ್ಕೆ ಎಡೆಗೊಟ್ಟಿತ್ತು. ವ್ಯಾಪಾರದ ಸಂಪತ್ತು ಧರ್ಮಕಾರ್ಯಕ್ಕೂ ಹರಿಯಿತು. ಭಟ್ಕಳದ ಚಂದ್ರನಾಥ ಬಸದಿಯೂ ಖೇತಪೈ ನಾರಾಯಣ ದೇವಾಲಯವೂ ಆ ಶತಮಾನದವು. ಒಂದೇ ಪೇಟೆಯಲ್ಲಿ ಜಿನನಿಗೂ ವಿಷ್ಣುವಿಗೂ ಕಲ್ಲಿನ ಮನೆಗಳು ಎದ್ದವು. ನವಾಯತ ಮುಸಲ್ಮಾನ ವರ್ತಕರೂ ಅಲ್ಲಿಯೇ ಬಾಳಿದರು.

ಕೆಳದಿಯ ವೆಂಕಟಪ್ಪನಾಯಕನ ಕೈಯಿಂದ ಈ ರಾಜ್ಯವು ಅಳಿಯಿತು. ರಾಣಿಯು ಸೆರೆಯಲ್ಲಿಯೇ ತೀರಿಕೊಂಡಳು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಅದೇ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ತುಗೀಜ ರಾಯಭಾರಿಯೊಡನೆ ಈ ದಾರಿಯಲ್ಲಿ ಸಾಗಿದನು. ಹಾಳುಬಿದ್ದ ಅರಮನೆಯನ್ನೂ ಬೀದಿಗಳಲ್ಲಿ ಬೆಳೆದ ಮರಗಳನ್ನೂ ಕಂಡನು. ಕೊನೆಯ ರಾಣಿಯು ಪರದೇಶದ ಹೀನನೊಬ್ಬನಿಗೆ ಮನಸೋತು ರಾಜ್ಯವನ್ನು ಕಳೆದುಕೊಂಡಳೆಂಬ ಕಥೆಯನ್ನೂ ಬರೆದಿಟ್ಟನು. ಮುಂದಿನ ಬರಹಗಳಿಗೂ ಇದು ಹರಿದು ಬಂದಿದೆ.

ಈ ಸಾಕ್ಷ್ಯವನ್ನು ಹೇಗೆ ಓದಬೇಕು? ಪ್ರವಾಸಿಯು ಕಣ್ಣಾರೆ ಕಂಡುದು ಹಾಳೂರನ್ನು ಮಾತ್ರ. ಕಥೆಯು ಕಿವಿಯಿಂದ ಬಂದುದು. ಕೇಳಿದ ಕಾಲವು ಗೆದ್ದವನ ಆಳಿಕೆಯದು. ಕೇಳಿದವನು ಆಕೆಯ ಹಳೆಯ ಪ್ರತಿಸ್ಪರ್ಧಿಗಳ ಪರಿವಾರದಲ್ಲಿದ್ದವನು. ಗಂಡಸು ಅರಸನು ಸೋತರೆ ಸೈನ್ಯ, ಬೊಕ್ಕಸಗಳ ಲೆಕ್ಕವನ್ನು ಕೇಳುವ ನಾವು, ಹೆಂಗಸು ಸೋತಾಗ ಪ್ರಣಯದ ಕಥೆಯಿಂದ ತೃಪ್ತರಾಗುವದು ಇತಿಹಾಸಧರ್ಮವಲ್ಲ. ಘಟ್ಟದ ಮೇಲಿನ ಕೆಳದಿಗೂ ಮೆಣಸಿನ ಬಂದರುಗಳು ಬೇಕಾಗಿದ್ದವು. ಪತನದ ಕಾರಣವನ್ನು ಅಲ್ಲಿ ಹುಡುಕುವದು ಹೆಚ್ಚು ಯುಕ್ತ. ಧಾರವಾಡದಿಂದ ಪ್ರವಾಸ ಹೊರಡುವ ವಿದ್ಯಾರ್ಥಿಗಳು ಜೋಗವನ್ನು ನೋಡಿ ಹಿಂದಿರುಗದೆ, ಘಟ್ಟವಿಳಿದು ಆ ಬಸದಿಯನ್ನೂ ಹೊಳೆಯನ್ನೂ ಒಟ್ಟಿಗೆ ನೋಡಬೇಕು. ಆಕೆಯ ರಾಜ್ಯವು ಏತರ ಮೇಲೆ ನಿಂತಿತ್ತೆಂಬುದು ಅಲ್ಲಿ ತಾನಾಗಿಯೇ ತಿಳಿಯುವದು.